ಪದಚರ್ಚೆ: ಹ್ಯಾಂಕ್, ಡೈ ಲಾಟ್, ಯಾರ್ನ್‌ಗೆ ಕನ್ನಡ ಬೇಕು (ತುರ್ತು)

ಎಲ್ಲರಿಗೂ ನಮಸ್ಕಾರ. ಶನಿವಾರ ಮನೆಮಂದಿಯೆಲ್ಲ ಉಣ್ಣೆ ಮೇಳಕ್ಕೆ ಹೊರಟಿದ್ದೇವೆ. ಅಮ್ಮನಿಗೆ ಹೆಣಿಗೆಯಲ್ಲಿ 40 ವರ್ಷದ ಕೈ. ಆದರೆ ಇಂಗ್ಲಿಷ್ ಓದಲು ಬರುವುದಿಲ್ಲ. ಪ್ರತಿ ಮಳಿಗೆಯಲ್ಲೂ ನಾನೋ ಮಗಳೋ ಪಕ್ಕದಲ್ಲಿ ನಿಂತು ಚೀಟಿ ಓದಿ ಹೇಳಬೇಕು. ಈ ಸಲ ಅವರೇ ನೋಡಿ ಆರಿಸಿಕೊಳ್ಳಲಿ ಅಂತ ಚೀಟಿಯ ಇಂಗ್ಲಿಷ್ ಪದಗಳಿಗೆ ಕನ್ನಡ ಹಾಕಿ ಒಂದು ಸಣ್ಣ ಕಾರ್ಡು ಬರೆಯುತ್ತಿದ್ದೇನೆ.

ಯಾರ್ನ್‌ಗೆ ನೂಲು ಅಂದರೆ ಸಾಕಾ? ಅಮ್ಮನಿಗೆ ನೂಲು ಅಂದರೆ ಹತ್ತಿಯದು.

ಹ್ಯಾಂಕ್ ಅಂದರೆ ದೊಡ್ಡ ಬಳೆಯ ಹಾಗೆ ಸುತ್ತಿ, ತಿರುಚಿ, ಜಡೆಯಂತೆ ಮಡಚಿಟ್ಟದ್ದು. ಇದಕ್ಕೂ ಉಂಡೆಗೂ ಬೇರೆ ಬೇರೆ ಹೆಸರು ಬೇಕೇ ಬೇಕು. ಹೋದ ವರ್ಷ ಮಗಳು ಅದರ ಕಟ್ಟು ಬಿಚ್ಚಿ ನೇರವಾಗಿ ಹೆಣೆಯಲು ಕೂತಳು. ಹತ್ತು ಸಾಲು ಆಗುವುದರೊಳಗೆ 100 ಗ್ರಾಂ ಮೆರಿನೊ ಉಣ್ಣೆ ಪೂರ್ತಿ ಸಿಕ್ಕಾಯಿತು. ಬಿಡಿಸಲು ಎರಡು ಸಂಜೆ ಹಿಡಿಯಿತು.

ಇನ್ನು ಡೈ ಲಾಟ್, ಅಂದರೆ ಒಂದೇ ಸಲ ಬಣ್ಣಕ್ಕೆ ಅದ್ದಿದ್ದಕ್ಕೆಲ್ಲ ಚೀಟಿಯಲ್ಲಿ ಹಾಕುವ ಒಂದೇ ನಂಬರ್. ಬಣ್ಣದ ಹೆಸರು ಒಂದೇ ಇದ್ದರೂ ಬೇರೆ ಸಲ ಅದ್ದಿದ್ದು ಒಂಚೂರು ಬೇರೆಯೇ ಕಾಣುತ್ತದೆ. ಸ್ವೆಟರಿನ ಎದೆ ಒಂದು ಬಣ್ಣ, ತೋಳು ಇನ್ನೊಂದು ಆಗಬಾರದು. ನಾಳೆ ರಾತ್ರಿಯೊಳಗೆ ಹೇಳಿ, ದಯವಿಟ್ಟು.

ಮರು:

ಮೊದಲು ಉಣ್ಣೆಯನ್ನು ಬಿಡಿ. ಸಂಸ್ಕೃತದ ಊರ್ಣಾ ಪ್ರಾಕೃತದಲ್ಲಿ ಉಣ್ಣಾ ಆಗಿ ನಮ್ಮಲ್ಲಿಗೆ ಬಂದ ಮಾತು ಅದು. ನಮ್ಮದೇ ತುಪ್ಪಟ ಇರುವಾಗ ಎರವಲು ಯಾಕೆ? ತುಪ್ಪಟದ ನೂಲು ಅನ್ನಿ. ಉಣ್ಣು ಧಾತುವಿನಿಂದ ಉಣ್ಣೆ ಬಂತು ಅಂತ ಯಾರೂ ಶುರುಮಾಡಬೇಡಿ. ಕೆಚ್ಚಲಿಗೆ ಕಚ್ಚಿಕೊಂಡು ರಕ್ತ ಹೀರುತ್ತಲ್ಲ, ಆ ಉಣ್ಣೆ ಬೇರೆ. ಉಣ್ಣುವುದಕ್ಕೆ ಸೇರಿದ್ದು ಅದು, ಇದಲ್ಲ.

ಮರು:

ತುಪ್ಪಟ ಕುರಿಯ ಮೈಮೇಲೆ ಇರುವುದು. ಕತ್ತರಿಸಿ, ತೊಳೆದು, ಹಿಂಜಿ, ನೂತ ಮೇಲೂ ತುಪ್ಪಟ ಅಂದರೆ ಯಾರಿಗೆ ಅರ್ಥವಾಗುತ್ತೆ? ಉಣ್ಣೆ ನೂಲು ಅಂತ ಬರೆಯಿರಿ, ಸಾಕು. ಹೊಲಿಯೋದು ದಾರ, ನೇಯೋದು ಹೆಣೆಯೋದು ನೂಲು. ನೂಲು ಕ್ರಿಯಾಪದವೂ ಹೌದು, ಹತ್ತಿಗೆ ಮಾತ್ರ ಕಟ್ಟಿಹಾಕಿದ್ದು ನಾವು.

ಹ್ಯಾಂಕ್‌ಗೆ ಲಡಿ. ನೇಕಾರರ ಬಾಯಲ್ಲಿ ಇರುವ ಮಾತು.

ಮರು:

ಲಡಿ ಹಿಂದಿಯದು! ಸಿಂಬಿ ಅನ್ನಬಹುದಲ್ಲ? ಹೀಗೇ ಒಂದೊಂದಾಗಿ ಬಿಟ್ಟುಕೊಟ್ಟು ಈ ಗತಿಗೆ ಬಂದಿದ್ದೇವೆ.

ಮರು:

ಸಿಂಬಿ ತಲೆಯ ಮೇಲೆ ಕೊಡ ಇಡುವುದಕ್ಕೆ. ಅದನ್ನು ಬಿಚ್ಚಿ ಉಂಡೆ ಮಾಡುವುದಿಲ್ಲ. ಆಗದು.

ಎರವಲಿನ ಮಾತು ಬಂತಲ್ಲ, ಒಂದು ಹೇಳಿಬಿಡುತ್ತೇನೆ, ನನಗೆ ತುಂಬಾ ಇಷ್ಟದ ವಿಷಯ. ಊರ್ಣಾ, ಲ್ಯಾಟಿನ್ನಿನ ಲಾನಾ, ಇಂಗ್ಲಿಷಿನ ವುಲ್ ಮೂರೂ ಒಂದೇ ಬೇರಿನವು. ಅಂದರೆ ನಮ್ಮ ಉಣ್ಣೆಯೂ ಅಂಗಡಿಯಲ್ಲಿ ಕೇಳುವ ಉಲ್ಲನ್ನೂ ದೂರದ ದಾಯಾದಿಗಳು. ಒಂದನ್ನು ಒಳಗೆ ಕೂರಿಸಿ ಇನ್ನೊಂದನ್ನು ಹೊಸಿಲಲ್ಲಿ ನಿಲ್ಲಿಸುವುದು ಯಾವ ನ್ಯಾಯ? ಚೀಟಿಯ ಮೇಲಿನ ಬೇರೆ ಹೆಸರುಗಳನ್ನೂ ನೋಡಿ. ವರ್ಸ್ಟೆಡ್ ಇಂಗ್ಲೆಂಡಿನ ನಾರ್ಫೋಕಿನ ಒಂದು ಹಳ್ಳಿಯ ಹೆಸರು. ಅಂಗೋರಾ ಅಂದರೆ ತುರ್ಕಿಯ ಈಗಿನ ಅಂಕಾರಾ. ಕ್ಯಾಶ್ಮೀರ್ ನಮ್ಮ ಕಾಶ್ಮೀರವೇ. ಉಣ್ಣೆ ಹೋದಲ್ಲೆಲ್ಲ ಊರಿನ ಹೆಸರನ್ನೂ ಹೊತ್ತುಕೊಂಡು ಹೋಗಿದೆ. ಅವನ್ನು ಹಾಗೇ ಬರೆಯಿರಿ.

ಮರು:

ಕಾರ್ಡು ಕೇಳಿದರೆ ಪ್ರಬಂಧ ಬಂತು. ಒಂದು ಮುಖ್ಯ ವಿಷಯ ಯಾರೂ ಹೇಳಲಿಲ್ಲ. ಚೀಟಿಯಲ್ಲಿ ಪ್ಲೈ ಅಂತ ಇದ್ದರೆ ಅದಕ್ಕೆ ಎಳೆ ಅಂತ ಕಣ್ಣುಮುಚ್ಚಿ ಹಾಕಬೇಡಿ. ಮೂರೆಳೆ ಹುರಿ ಮಾಡಿದ್ದು ಮೂರೆಳೆ, ಸರಿ. ಆದರೆ ಕೆಲವು ಚೀಟಿಗಳಲ್ಲಿ 4 ಪ್ಲೈ ಅಂದರೆ ನೂಲಿನ ದಪ್ಪದ ಹೆಸರು, ಒಳಗೆ ಎಳೆ ನಾಲ್ಕೇ ಇರಬೇಕು ಅಂತಿಲ್ಲ. ಅಲ್ಲಿ ದಪ್ಪ ಅಂತ ಬರೆದು ಸೂಜಿಯ ಅಳತೆಯನ್ನೂ ಹಾಕಿ. ಡೈ ಲಾಟ್‌ಗೆ ಬಣ್ಣದ ಸರದಿ ಆಗುತ್ತೆ.

ಮರು:

ಎಲ್ಲರಿಗೂ ಧನ್ಯವಾದ. ಕಾರ್ಡು ಬರೆದು ಅಮ್ಮನಿಗೆ ತೋರಿಸಿದೆ. ಉಣ್ಣೆ ನೂಲು ಅಂತ ಓದಿ ಮುಂದೆ ಹೋದರು, ಏನೂ ಕೇಳಲಿಲ್ಲ. ಲಡಿ ಎಂಬಲ್ಲಿ ನಿಂತರು. ಎರಡೂ ಕೈಯನ್ನು ಮೊಳ ದೂರ ಚಾಚಿ ಹಿಡಿದು, "ಹೀಗೆ ಹಾಕ್ಕೊಂಡು ಸುತ್ತೋದಾ?" ಅಂದರು. ನಾನು ಚಿಕ್ಕವಳಿದ್ದಾಗ ಅವರು ಉಂಡೆ ಸುತ್ತುತ್ತಿದ್ದರೆ ಹಾಗೆ ಕೈ ಚಾಚಿ ಕೂರುತ್ತಿದ್ದದ್ದು ನಾನೇ. ತೋಳು ನೋಯುತ್ತಿತ್ತು, ಇಳಿಸುವ ಹಾಗಿರಲಿಲ್ಲ. ಹಾಗಾಗಿ ಲಡಿಯೇ ಇರಲಿ.

ಬಣ್ಣದ ಸರದಿ ಅವರಿಗೆ ಹಿಡಿಸಲಿಲ್ಲ. "ಒಂದೇ ಹಂಡೆಯದ್ದು ಅಂತ ಬರಿ" ಅಂದರು. ಹಂಡೆ ನಂಬರ್ ಅಂತ ಬರೆದಿದ್ದೇನೆ. ಎರಡು ಲಡಿಯ ಚೀಟಿ ಜೋಡಿಸಿ ನೋಡಿ, ನಂಬರ್ ಒಂದೇ ಇದ್ದರೆ ತೆಗೆದುಕೊಳ್ಳುತ್ತಾರೆ.

ಮರು:

ಹಂಡೆ ಚೆನ್ನಾಗಿದೆ, ಒಪ್ಪಿದೆ. ತುಪ್ಪಟ ಬಿಟ್ಟದ್ದು ಮಾತ್ರ ಸರಿಯಲ್ಲ.