ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ಮಗಳಿಗೆ ಪಿಸಿಎಂಬಿಯೋ, ಪಿಸಿಎಂಸಿಯೋ?

ಸಿದ್ದಾಪುರದ ಅಪ್ಪ:
ಎಲ್ಲರಿಗೂ ನಮಸ್ಕಾರ. ಮಗಳು ಊರಿನ ಸರ್ಕಾರಿ ಹೈಸ್ಕೂಲಿನಲ್ಲಿ ಕನ್ನಡದಲ್ಲೇ ಓದಿದವಳು. ವಿಜ್ಞಾನದಲ್ಲಿ 80ಕ್ಕೆ 71 ಬಂದಿದೆ. ನಮ್ಮದು ಎರಡು ಎಕರೆ ಅಡಿಕೆ ತೋಟ. ಎಲೆಚುಕ್ಕಿ ರೋಗ ಬಂದಾಗ ಸೋಗೆ ಕಿತ್ತು ತಂದು, ಚುಕ್ಕಿ ದಿನಕ್ಕೆ ಎಷ್ಟು ದೊಡ್ಡದಾಗುತ್ತದೆ ಅಂತ ಅಳೆದು ಬರೆದಿಟ್ಟಿದ್ದಾಳೆ. ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಜೊತೆಗೆ ಅವಳಿಗೆ ಬಯಾಲಜಿ (ಪಿಸಿಎಂಬಿ) ಬೇಕು. ನೆಂಟರೆಲ್ಲ ಅದರ ಬದಲು ಕಂಪ್ಯೂಟರ್ ಸೈನ್ಸ್ (ಪಿಸಿಎಂಸಿ) ಕೊಡಿಸಿ ಅನ್ನುತ್ತಾರೆ. ಜೊತೆಗೆ ಒಮ್ಮೆಗೇ ಎಲ್ಲ ಇಂಗ್ಲಿಷಿನಲ್ಲಿ ಅಂದರೆ ಮಗು ತಡೆದುಕೊಳ್ಳುತ್ತದಾ ಅಂತ ನನಗೆ ಭಯ.

ಕೃಷಿ ಬಿಎಸ್ಸಿ, ಧಾರವಾಡ:
ಅಂಕಲ್, ನಾನೂ ಹಾಗೇ ಪಿಸಿಎಂಬಿಗೆ ಬಂದವಳು. ಮೊದಲ ಟೆಸ್ಟಿನಲ್ಲಿ ಫಿಸಿಕ್ಸ್ 25ಕ್ಕೆ 6. ಹಾಸ್ಟೆಲಿನಲ್ಲಿ ರಾತ್ರಿಯೆಲ್ಲ ಅತ್ತಿದ್ದೆ. ಪಾಠ ಬರುತ್ತಿರಲಿಲ್ಲ ಅಂತಲ್ಲ. ಆಕ್ಸಲರೇಶನ್ ಅಂದರೆ ನಾವು ಕಲಿತ ವೇಗೋತ್ಕರ್ಷವೇ ಅಂತ ಹೊಳೆಯಲು ಒಂದು ವಾರ ಹಿಡಿಯಿತು! ಆಮೇಲೆ 200 ಪುಟದ ನೋಟ್‌ಬುಕ್ಕಿಗೆ ನಡುವೆ ಗೆರೆ ಎಳೆದೆ. ಎಡಕ್ಕೆ ಜಡತ್ವ, ಬಲಕ್ಕೆ ಇನರ್ಶಿಯ. ಎಡಕ್ಕೆ ಪ್ರತ್ಯಾಮ್ಲ, ಬಲಕ್ಕೆ ಬೇಸ್. ದ್ಯುತಿಸಂಶ್ಲೇಷಣೆ, ಫೋಟೋಸಿಂಥೆಸಿಸ್. ದೀಪಾವಳಿ ಹೊತ್ತಿಗೆ ಲೆಕ್ಚರರ್ ಹೇಳುವುದು ಕಿವಿಗೆ ಹತ್ತತೊಡಗಿತು. ತಂಗಿಗೆ ಈ ರಜೆಯಲ್ಲೇ ಶುರು ಮಾಡಿಸಿ.

ಇನ್ನೊಂದು ವಿಷಯ ನಿಮ್ಮ ನೆಂಟರಿಗೂ ಹೇಳಿ. ಪಿಸಿಎಂಬಿ ಓದಿದವರೂ ಕಂಪ್ಯೂಟರ್ ಸೈನ್ಸ್ ಇಂಜಿನಿಯರಿಂಗ್ ಸೇರಬಹುದು. ಅದರ ಪ್ರವೇಶ ಪರೀಕ್ಷೆ ಸಿಇಟಿಗೆ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಸಾಕು. ಆದರೆ ಪಿಸಿಎಂಸಿಯಲ್ಲಿ ಬಯಾಲಜಿ ಇರುವುದಿಲ್ಲ, ಕೃಷಿ, ಅರಣ್ಯ, ಪಶುವೈದ್ಯಕ್ಕೆ ಅದು ಬೇಕೇ ಬೇಕು. ನಿಮಗೆ ಹತ್ತಿರದ ಶಿರಸಿಯಲ್ಲೇ ಅರಣ್ಯ ಕಾಲೇಜು ಇದೆ, ನಮ್ಮ ಧಾರವಾಡ ಕೃಷಿ ವಿಶ್ವವಿದ್ಯಾಲಯದ್ದೇ. ಒಮ್ಮೆ ತಂಗಿಯನ್ನು ಕರೆದುಕೊಂಡು ಹೋಗಿ ಬನ್ನಿ. ಸೋಗೆ ಅಳೆಯುವ ಹುಡುಗಿ ಅಲ್ಲಿಂದ ಸುಮ್ನೆ ವಾಪಸ್ ಬರುವುದಿಲ್ಲ.

ಪಿಯು ಲೆಕ್ಚರರ್:
ಈ ಹುಡುಗಿ ಹೇಳಿದ್ದು ಸರಿಯಾಗಿದೆ. ನನ್ನದು ಒಂದೇ ಮಾತು. ಕಾಲೇಜು ಆರಿಸುವಾಗ ಲ್ಯಾಬ್ ತೋರಿಸಿ ಅಂತ ಕೇಳಿ. ಸೆಕೆಂಡ್ ಪಿಯುನಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿಗೆ ತಲಾ 30 ಅಂಕ ಪ್ರಾಕ್ಟಿಕಲ್‌ಗೇ ಇದೆ. ಸಿಇಟಿ, ನೀಟ್ ಕೋಚಿಂಗ್ ಅಂತ ಜಾಸ್ತಿ ಫೀಸು ಕೇಳುವ ಕೆಲವು ಕಡೆ ಮೈಕ್ರೋಸ್ಕೋಪು ಬೀರುವಿನಿಂದ ಹೊರಗೇ ಬರುವುದಿಲ್ಲ. ಕಣ್ಣಾರೆ ಕಂಡು ಹೇಳುತ್ತಿದ್ದೇನೆ. ಮಗು ಕನ್ನಡ ಮಾಧ್ಯಮದಲ್ಲಿ, ಹಳ್ಳಿಯಲ್ಲಿ ಓದಿದ ಸರ್ಟಿಫಿಕೇಟುಗಳನ್ನೂ ಈಗಲೇ ಮಾಡಿಸಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಹಾಕಿಸಿಟ್ಟುಕೊಳ್ಳಿ, ಮೀಸಲಾತಿಗೆ ಅವು ಬೇಕು. ಸಿಇಟಿ ಸೀಟಿನ ಹೊತ್ತಿಗೆ ಅದಕ್ಕಾಗಿ ಓಡಾಡುವ ಅಪ್ಪಂದಿರನ್ನು ಪ್ರತಿ ವರ್ಷ ನೋಡುತ್ತೇನೆ.

ಸಿದ್ದಾಪುರದ ಅಪ್ಪ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಓದಿ ಹೇಳಿದೆ. ಅವಳು ಆಗಲೇ ನೋಟ್‌ಬುಕ್ಕಿಗೆ ಗೆರೆ ಎಳೆದು ಕೂತಿದ್ದಾಳೆ. ಸರ್, ಆ ಸರ್ಟಿಫಿಕೇಟು ಹೈಸ್ಕೂಲಿನದು ಮಾತ್ರ ಸಾಕಾ, ಒಂದನೇ ಕ್ಲಾಸಿನಿಂದಲೂ ಬೇಕಾ?

ಪಿಯು ಲೆಕ್ಚರರ್:
1ರಿಂದ 10ರವರೆಗೂ ಬೇಕು. ಪ್ರೈಮರಿ ಶಾಲೆಗೂ ಹೋಗಿ ಬನ್ನಿ.