ಬೆಂಗಳೂರಿನ ತಾಲೂಕನ್ನು ಪಟ್ಟಿಯಿಂದ ತೆಗೆದರೆ ಉಳಿದ ತಾಲೂಕುಗಳ ಸ್ಥಾನ ಏಕೆ ಬದಲಾಗುತ್ತದೆ?

ಪ್ರಶ್ನೆ: ತಾಲೂಕು_ಅಧ್ಯಯನ

ಎಲ್ಲರಿಗೂ ನಮಸ್ಕಾರ. ಕರ್ನಾಟಕದ ತಾಲೂಕುಗಳ ಸುಸ್ಥಿರ ಅಭಿವೃದ್ಧಿಯನ್ನು ಅಳೆಯುವ ಸೂಚ್ಯಂಕವೊಂದನ್ನು ಸ್ನಾತಕೋತ್ತರ ಪ್ರಬಂಧಕ್ಕಾಗಿ ಸಿದ್ಧಪಡಿಸುತ್ತಿದ್ದೇನೆ. ಸಾಕ್ಷರತೆ, ಸಾವಿರ ಜನರಿಗೆ ಕೈಗಾರಿಕಾ ಕಾರ್ಮಿಕರ ಸಂಖ್ಯೆ, ಬ್ಯಾಂಕ್ ಶಾಖೆಗಳು, ಆಸ್ಪತ್ರೆಯ ಹಾಸಿಗೆಗಳು, ನೀರಾವರಿ ಪ್ರದೇಶದ ಪಾಲು, ಅಂತರ್ಜಲ ಬಳಕೆ ಮುಂತಾದ 15 ಸೂಚಕಗಳಿವೆ. ಸೂಚಕಗಳ ತೂಕಗಳನ್ನು ದತ್ತಾಂಶದಿಂದಲೇ ಪಡೆಯುವ ಎಂಟ್ರೊಪಿ ವಿಧಾನದಿಂದಲೂ, ತಾಲೂಕುಗಳ ಸ್ಥಾನಗಳನ್ನು ಆದರ್ಶಕ್ಕೆ ಎಷ್ಟು ಹತ್ತಿರ ಎಂದು ನೋಡುವ ಟಾಪ್ಸಿಸ್ ವಿಧಾನದಿಂದಲೂ ಲೆಕ್ಕ ಹಾಕಿದ್ದೇನೆ. ಸೂತ್ರಗಳನ್ನು ಮತ್ತೆ ಮತ್ತೆ ಪರಿಶೀಲಿಸಿದರೂ ಎರಡು ತೊಡಕುಗಳು ಉಳಿದಿವೆ. ಬೆಂಗಳೂರು ನಗರದ ತಾಲೂಕುಗಳನ್ನು ಕೈಬಿಟ್ಟರೆ, ಅವುಗಳಿಗೆ ಯಾವ ಸಂಬಂಧವೂ ಇಲ್ಲದ ಎರಡು ತಾಲೂಕುಗಳ ನಡುವಿನ ಹಿಂದು-ಮುಂದು ಅದಲುಬದಲಾಗುತ್ತದೆ. ಎರಡನೆಯದಾಗಿ, ಕೈಗಾರಿಕಾ ಕಾರ್ಮಿಕರ ಸೂಚಕವೊಂದೇ ಒಟ್ಟು ತೂಕದ ಬಹುಪಾಲನ್ನು ನುಂಗಿಹಾಕಿ, ಸಾಕ್ಷರತೆಗೆ ಲೆಕ್ಕಕ್ಕೆ ಬಾರದಷ್ಟು ಉಳಿಸುತ್ತದೆ. ದೋಷ ಎಲ್ಲಿದೆ?

ಉತ್ತರ: ಅಳತೆಗೋಲು

ನಿಮ್ಮ ಸೂತ್ರದಲ್ಲಿ ದೋಷವಿಲ್ಲ; ಇವೆರಡೂ ಆ ವಿಧಾನಗಳ ಸ್ವಭಾವದಲ್ಲೇ ಇರುವ ಗುಣಗಳು. ಹ್ವಾಂಗ್ ಮತ್ತು ಯೂನ್ 1981ರಲ್ಲಿ ಮುಂದಿಟ್ಟ ಟಾಪ್ಸಿಸ್‌ನಲ್ಲಿ ಪ್ರತಿ ತಾಲೂಕಿಗೂ ಒಂದು ಆದರ್ಶ ಬಿಂದುವಿನಿಂದ ಮತ್ತು ಒಂದು ಅತಿ ಕನಿಷ್ಠ ಬಿಂದುವಿನಿಂದ ಇರುವ ದೂರವನ್ನು ಅಳೆಯಲಾಗುತ್ತದೆ. ಆ ಎರಡೂ ಬಿಂದುಗಳು ಹೊರಗಿನಿಂದ ಬಂದವಲ್ಲ, ನೀವು ಕೊಟ್ಟ ಪಟ್ಟಿಯೊಳಗಿನಿಂದಲೇ ಹುಟ್ಟಿದವು. ಪಟ್ಟಿ ಬದಲಾದರೆ ಅಳೆಯುವ ಕೋಲೇ ಬದಲಾಗುತ್ತದೆ.

ಸ್ಪ್ರೆಡ್‌ಶೀಟ್‌ನಲ್ಲಿ ಇದನ್ನು ನೀವೇ ಮಾಡಿ ನೋಡಬಹುದು. 'ಅ' ತಾಲೂಕಿನ ಸಾಕ್ಷರತೆ 80, ಕಾರ್ಮಿಕರು 10. 'ಆ' ತಾಲೂಕಿನಲ್ಲಿ 70 ಮತ್ತು 14. ನಗರದಂಥ 'ಇ' ತಾಲೂಕಿನಲ್ಲಿ 90 ಮತ್ತು 64 ಎಂದಿಟ್ಟುಕೊಳ್ಳಿ. ಎರಡೂ ಸೂಚಕಗಳಿಗೆ ಸಮಾನ ತೂಕ ಕೊಟ್ಟರೆ 'ಅ'ಗೆ ಸುಮಾರು 0.081, 'ಆ'ಗೆ 0.073 ಅಂಕ (0ರಿಂದ 1ರವರೆಗೆ, ಹೆಚ್ಚಿದಷ್ಟೂ ಆದರ್ಶಕ್ಕೆ ಹತ್ತಿರ) ಬರುತ್ತದೆ, ಅಂದರೆ 'ಅ' ಮುಂದಿದೆ. ಈಗ 'ಇ'ಯನ್ನು ಅಳಿಸಿಬಿಡಿ. 'ಅ'ಗೆ 0.288, 'ಆ'ಗೆ 0.712 ಬಂದು 'ಆ' ಮುಂದಾಗುತ್ತದೆ. ಆ ಎರಡು ತಾಲೂಕುಗಳಲ್ಲಿ ಒಂದು ಶಾಲೆಯಾಗಲಿ ಒಂದು ಕಾರ್ಖಾನೆಯಾಗಲಿ ಹೆಚ್ಚಿಲ್ಲ, ಕಡಿಮೆಯಾಗಿಲ್ಲ. ಕಾರ್ಮಿಕರ ಅಂಕಣದಲ್ಲಿ 64 ಎಂಬ ಸಂಖ್ಯೆ ಇರುವವರೆಗೆ 10 ಮತ್ತು 14ರ ನಡುವಿನ ಅಂತರ ಕುಗ್ಗಿಹೋಗಿತ್ತು, ಅದು ಹೋದೊಡನೆ ಆ ಅಂತರವೇ ನಿರ್ಣಾಯಕವಾಯಿತು, ಅಷ್ಟೆ.

ಇದಕ್ಕೆ ಪರಿಹಾರವೆಂದರೆ ಗರಿಷ್ಠ-ಕನಿಷ್ಠ ಗುರಿಗಳನ್ನು ದತ್ತಾಂಶ ನೋಡುವ ಮೊದಲೇ ನಿಗದಿಪಡಿಸುವುದು. ವಿಶ್ವಸಂಸ್ಥೆಯ ಮಾನವ ಅಭಿವೃದ್ಧಿ ಸೂಚ್ಯಂಕದಲ್ಲಿ ಜೀವಿತಾವಧಿಯನ್ನು 20 ಮತ್ತು 85 ವರ್ಷಗಳೆಂಬ ಸ್ಥಿರ ಎಲ್ಲೆಗಳ ನಡುವೆ ಇಟ್ಟೇ ಅಳೆಯುತ್ತಾರೆ. ನೀವೂ ಸಾಕ್ಷರತೆಗೆ 0 ಮತ್ತು 100, ಉಳಿದವುಗಳಿಗೆ ಸಮರ್ಥಿಸಿಕೊಳ್ಳಬಹುದಾದ ಎಲ್ಲೆಗಳನ್ನು ಇಟ್ಟು, ಆದರ್ಶ ಬಿಂದುವನ್ನೂ ಅವುಗಳಿಂದಲೇ ಪಡೆಯಿರಿ. ಆಗ ತೂಕಗಳೂ ಬದಲಾಗದಿದ್ದರೆ, ಯಾವ ತಾಲೂಕು ಬಂದರೂ ಹೋದರೂ ಉಳಿದವುಗಳ ಕ್ರಮ ಕದಲುವುದಿಲ್ಲ.

ಎಂಟ್ರೊಪಿಯ ವಿಷಯ ಇನ್ನೂ ಗಂಭೀರವಾದದ್ದು. ಅದು ಅಳೆಯುವುದು ಮಹತ್ವವನ್ನಲ್ಲ, ಚದುರುವಿಕೆಯನ್ನು. ನಾಲ್ಕು ತಾಲೂಕುಗಳ ಸಾಕ್ಷರತೆ 50, 60, 70, 80 ಎಂದೂ ಕಾರ್ಮಿಕರ ಸಂಖ್ಯೆ 2, 4, 10, 64 ಎಂದೂ ಇದ್ದರೆ, ಸಾಕ್ಷರತೆಗೆ ಶೇ. 2ರಷ್ಟು, ಕಾರ್ಮಿಕರಿಗೆ ಶೇ. 98ರಷ್ಟು ತೂಕ ಬರುತ್ತದೆ. ಇನ್ನೂ ವಿಚಿತ್ರವೆಂದರೆ, ಅದೇ ಊರುಗಳ ಅದೇ ಸಂಗತಿಯನ್ನು ಅನಕ್ಷರತೆ ಎಂದು 50, 40, 30, 20ರ ರೂಪದಲ್ಲಿ ಬರೆದರೆ ಆ ಸೂಚಕದ ತೂಕ ಶೇ. 7ರ ಹತ್ತಿರಕ್ಕೆ ಏರುತ್ತದೆ. ಒಂದೇ ವಾಸ್ತವಕ್ಕೆ ಬರವಣಿಗೆಯ ರೀತಿಯಿಂದ ಮೂರು ಪಟ್ಟು ಮೀರಿದ ತೂಕ ಸಿಗುವುದಾದರೆ, ಆ ತೂಕವನ್ನು 'ವಸ್ತುನಿಷ್ಠ' ಎಂದು ಕರೆಯಲು ನನಗೆ ಮನಸ್ಸು ಒಪ್ಪುವುದಿಲ್ಲ. ಯಾವುದು ಎಷ್ಟು ಮುಖ್ಯ ಎಂಬುದನ್ನು ಆ ತಾಲೂಕುಗಳಲ್ಲಿ ಬದುಕುವವರು ಮತ್ತು ಅಲ್ಲಿ ಕೆಲಸ ಮಾಡುವವರು ಹೇಳಬೇಕು.

ಉತ್ತರ: ಕೆರೆಬಯಲು

ಮೇಲಿನ ಮಾತಿಗೆ ಒಂದು ಸೇರ್ಪಡೆ. ನೀರಾವರಿ ಪ್ರದೇಶವನ್ನು ಲಾಭದ (ಹೆಚ್ಚಿದಷ್ಟೂ ಒಳ್ಳೆಯ) ಸೂಚಕವಾಗಿಯೂ ಅಂತರ್ಜಲ ಬಳಕೆಯನ್ನು ನಷ್ಟದ (ಹೆಚ್ಚಿದಷ್ಟೂ ಕೆಟ್ಟ) ಸೂಚಕವಾಗಿಯೂ ಇಟ್ಟಿದ್ದೀರಿ ಎಂದು ಭಾವಿಸುತ್ತೇನೆ. ಕೋಲಾರದಂಥ ಜಿಲ್ಲೆಯಲ್ಲಿ ಈ ಎರಡರ ಹಿಂದೆಯೂ ಇರುವುದು ಅದೇ ಕೊಳವೆಬಾವಿಗಳು. ತೂಕ ಹಾಕಿ ಕೂಡಿಸುವ ವಿಧಾನದಲ್ಲಿ ತರಕಾರಿ, ಹಾಲು, ರೇಷ್ಮೆಯ ವರಮಾನ ಚೆನ್ನಾಗಿದ್ದರೆ ಬತ್ತಿದ ಅಂತರ್ಜಲದ ಲೆಕ್ಕ ಅದರಲ್ಲಿ ಮುಚ್ಚಿಹೋಗುತ್ತದೆ. ಟಾಪ್ಸಿಸ್ ಕೂಡ ಇದಕ್ಕೆ ಹೊರತಲ್ಲ. ನೀರಿನ ಕೊರತೆಯನ್ನು ಬ್ಯಾಂಕ್ ಶಾಖೆಗಳಿಂದ ತುಂಬಿಸಬಹುದು ಎಂದು ಒಪ್ಪುವ ಸೂಚ್ಯಂಕಕ್ಕೆ 'ಸುಸ್ಥಿರ' ಎಂಬ ಹೆಸರು ಸಲ್ಲುವುದಿಲ್ಲ.

ಕನಿಷ್ಠಪಕ್ಷ ಆಯಾಮಗಳನ್ನು ಒಟ್ಟುಗೂಡಿಸುವಾಗ ಗುಣೋತ್ತರ ಸರಾಸರಿಯನ್ನು (ಸಂಖ್ಯೆಗಳನ್ನು ಕೂಡಿಸದೆ ಗುಣಿಸಿ, ಮೂಲ ತೆಗೆದು ಪಡೆಯುವ ಸರಾಸರಿ) ಬಳಸಿ. 0.9 ಮತ್ತು 0.1ರ ಸಾಮಾನ್ಯ ಸರಾಸರಿ 0.5 ಆದರೆ, ಗುಣೋತ್ತರ ಸರಾಸರಿ 0.3 ಮಾತ್ರ. ಮಾನವ ಅಭಿವೃದ್ಧಿ ಸೂಚ್ಯಂಕವೂ 2010ರಲ್ಲಿ ಇದೇ ದಾರಿಗೆ ಬಂದಿತು. ಇನ್ನೂ ಕಟ್ಟುನಿಟ್ಟು ಬೇಕಿದ್ದರೆ, ಬರ್ನಾರ್ಡ್ ರಾಯ್ ಅವರ ಎಲೆಕ್ಟ್ರ್ ಎಂಬ ಹೋಲಿಕೆ ವಿಧಾನಗಳಲ್ಲಿರುವ ನಿಷೇಧಮಿತಿಯ (ಒಂದು ಸೂಚಕದಲ್ಲಿ ತೀರಾ ಹಿಂದಿದ್ದರೆ ಉಳಿದವುಗಳ ಮೇಲುಗೈಯನ್ನು ತಳ್ಳಿಹಾಕುವ ಮಿತಿ) ಮಾದರಿಯಲ್ಲಿ ಒಂದು ನಿಯಮವಿಡಿ. ಕೇಂದ್ರ ಅಂತರ್ಜಲ ಮಂಡಳಿಯ ವರ್ಗೀಕರಣದಲ್ಲಿ ಬಳಕೆ ಶೇ. 100 ಮೀರಿದ ಘಟಕವನ್ನು ಅತಿಬಳಕೆಯದು ಎನ್ನುತ್ತಾರೆ. ಅಂಥ ತಾಲೂಕು ಬೇರೆಲ್ಲದರಲ್ಲಿ ಮುಂದಿದ್ದರೂ ನಿಮ್ಮ ಪಟ್ಟಿಯ ಮುಂಚೂಣಿಯ ಗುಂಪಿಗೆ ಸೇರಬಾರದು.

ತಾಲೂಕು_ಅಧ್ಯಯನ

ಸ್ಥಿರ ಎಲ್ಲೆಗಳನ್ನು ಹಾಕಿದ ಮೇಲೆ ಮೊದಲನೆಯ ತೊಡಕು ನಿವಾರಣೆಯಾಯಿತು, ಇಬ್ಬರಿಗೂ ಕೃತಜ್ಞತೆಗಳು. ತೂಕಗಳಿಗಾಗಿ, ಎರಡೆರಡು ಸೂಚಕಗಳಲ್ಲಿ ಯಾವುದು ಎಷ್ಟು ಮುಖ್ಯ ಎಂದು ಕೇಳುವ ಎಎಚ್‌ಪಿ ವಿಧಾನದಲ್ಲಿ ಜನರ ಅಭಿಪ್ರಾಯ ಕೇಳಬೇಕೆಂದಿದ್ದೇನೆ. ಆದರೆ 15 ಸೂಚಕಗಳನ್ನು ಜೋಡಿ ಜೋಡಿಯಾಗಿ ಹೋಲಿಸಲು 105 ಪ್ರಶ್ನೆಗಳಾಗುತ್ತವೆ. ಪಂಚಾಯಿತಿ ಸದಸ್ಯರ ಮುಂದೆ ಅಷ್ಟು ಪ್ರಶ್ನೆಗಳನ್ನಿಡುವುದು ಹೇಗೆ? ಅಲ್ಲದೆ ನನ್ನ ಫಲಿತಾಂಶವನ್ನು ನಂಜುಂಡಪ್ಪ ವರದಿಯ ಪಟ್ಟಿಯೊಂದಿಗೆ ಹೋಲಿಸಬಹುದೇ?

ಉತ್ತರ: ಅಳತೆಗೋಲು

ಎಲ್ಲವನ್ನೂ ಒಂದೇ ಹಂತದಲ್ಲಿ ಕೇಳಬೇಡಿ. ಆರ್ಥಿಕ, ಸಾಮಾಜಿಕ, ಮೂಲಸೌಕರ್ಯ, ಪರಿಸರ ಎಂದು ನಾಲ್ಕು ಆಯಾಮಗಳನ್ನು ಮಾಡಿ, ಮೂರರಲ್ಲಿ ನಾಲ್ಕು ನಾಲ್ಕು, ಒಂದರಲ್ಲಿ ಮೂರು ಸೂಚಕಗಳನ್ನಿಟ್ಟರೆ ಒಟ್ಟು 27 ಹೋಲಿಕೆಗಳು ಸಾಕು. ಪಂಚಾಯಿತಿ ಸದಸ್ಯರಿಗೆ ಆಯಾಮಗಳ ನಡುವಿನ ಆರು ಪ್ರಶ್ನೆಗಳನ್ನಷ್ಟೇ ಕೇಳಿ, ಒಳಗಿನ ಹೋಲಿಕೆಗಳನ್ನು ಆಯಾ ವಿಷಯ ಬಲ್ಲವರಿಗೆ ಬಿಡಬಹುದು. ಎಎಚ್‌ಪಿ ರೂಪಿಸಿದ ಸಾಟಿ ಅವರು ಹೇಳಿದ ಅಸಂಗತತೆಯ ಅನುಪಾತ (ಒಬ್ಬರ ಉತ್ತರಗಳು ಒಂದಕ್ಕೊಂದು ಎಷ್ಟು ಹೊಂದುವುದಿಲ್ಲ ಎಂಬುದರ ಅಳತೆ) 0.10ನ್ನು ಮೀರಿದರೆ ಉತ್ತರವನ್ನು ನೀವಾಗಿಯೇ ತಿದ್ದಬೇಡಿ, ಅದೇ ವ್ಯಕ್ತಿಗೆ ತೋರಿಸಿ ಮತ್ತೊಮ್ಮೆ ಕೇಳಿ. ಹಲವರ ಉತ್ತರಗಳನ್ನು ಸೇರಿಸುವಾಗಲೂ ಗುಣೋತ್ತರ ಸರಾಸರಿಯೇ ಸರಿಯಾದದ್ದು.

ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ ಆಗಿನ 175 ತಾಲೂಕುಗಳನ್ನು 35 ಸೂಚಕಗಳಿಂದ ಅಳೆದು, ರಾಜ್ಯದ ಸರಾಸರಿಯನ್ನು 1 ಎಂದಿಟ್ಟು, 114 ತಾಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಹೋಲಿಕೆ ಸಾಧ್ಯ, ಆದರೆ ಅಲ್ಲಿ ಅಳೆದದ್ದು ರಾಜ್ಯದ ಸರಾಸರಿಗಿಂತ ಎಷ್ಟು ಹಿಂದೆ ಎಂಬುದನ್ನು, ನೀವು ಅಳೆಯುತ್ತಿರುವುದು ನಿಗದಿತ ಗುರಿಯಿಂದ ಎಷ್ಟು ದೂರ ಎಂಬುದನ್ನು. ಆದ್ದರಿಂದ ಅಂಕಗಳನ್ನು ಪಕ್ಕಪಕ್ಕದಲ್ಲಿ ಇಡದೆ, ಯಾವ ತಾಲೂಕು ಯಾವ ಗುಂಪಿನಿಂದ ಯಾವ ಗುಂಪಿಗೆ ಸರಿದಿದೆ ಎಂಬುದನ್ನು ಮಾತ್ರ ನೋಡಿ. 2011ರ ಜನಗಣತಿಯ ಬಳಿಕ ರಚನೆಯಾದ ಹೊಸ ತಾಲೂಕುಗಳು ಅದರಲ್ಲಿ ಪ್ರತ್ಯೇಕವಾಗಿ ಇಲ್ಲ; ಅವುಗಳನ್ನು ಮಾತೃ ತಾಲೂಕಿಗೆ ಮರಳಿ ಸೇರಿಸಿ, ಇಲ್ಲವೇ ಗ್ರಾಮ ಸಂಕೇತಗಳ ಮೂಲಕ ಹಳ್ಳಿಗಳನ್ನು ಕೂಡಿಸಿ ಹೊಸ ಗಡಿಗೆ ಅಂಕಿಅಂಶ ಕಟ್ಟಿಕೊಳ್ಳಿ.

ಪ್ರಬಂಧ ಸಲ್ಲಿಸುವ ಮುನ್ನ ಪ್ರತಿ ಆಯಾಮದ ತೂಕವನ್ನೂ ಶೇ. 20ರಷ್ಟು ಏರಿಸಿ, ಇಳಿಸಿ ಲೆಕ್ಕವನ್ನು ಮತ್ತೆ ಓಡಿಸಿ. ಹಾಗೆ ಮಾಡಿದಾಗ ಗುಂಪು ಬದಲಿಸುವ ತಾಲೂಕುಗಳ ಹೆಸರನ್ನು ಅನುಬಂಧದಲ್ಲಲ್ಲ, ಮುಖ್ಯ ಕೋಷ್ಟಕದಲ್ಲೇ ಗುರುತು ಹಾಕಿ ಕೊಡಿ. ಅನುದಾನ ಹಂಚುವವರು ಓದುವುದು ಆ ಕೋಷ್ಟಕವನ್ನೇ.