ನೋಟ್ ಅಂದರೆ ಅಜ್ಜಿಗೆ ದುಡ್ಡು, ಮೊಮ್ಮಗಳಿಗೆ ಮಾರ್ಕ್ಸು

ಜರ್ಮನಿಗೆ ಹೊಸದಾಗಿ ಬಂದವರೊಬ್ಬರು ಕೇಳಿದ್ದರು: ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಜರ್ಮನ್, ಟೀವಿಯಲ್ಲಿ ಇಂಗ್ಲಿಷ್, ಮಗುವಿಗೆ ಗೊಂದಲ ಆಗಲ್ವಾ? ಆಗುತ್ತದೆ. ನಮ್ಮ ಮನೆಯಲ್ಲಿ ಒಂದೇ ಒಂದು ಪದಕ್ಕೆ ಎಷ್ಟು ಗೊಂದಲ ಆಯಿತು ಅಂತ ಹೇಳುತ್ತೇನೆ.

ಮಗಳು ಮೈಸೂರಿನ ಅಜ್ಜಿಗೆ, ಅಂದರೆ ನಮ್ಮಮ್ಮನಿಗೆ, ಫೋನಿನಲ್ಲಿ, "ಅಜ್ಜಿ, ನಂಗೆ ಲೆಕ್ಕದಲ್ಲಿ ನೋಟ್ ಒಂದು ಬಂತು" ಅಂದಳು. ಅಮ್ಮ, "ಯಾರು ಕೊಟ್ರು ಪುಟ್ಟಿ? ಎಷ್ಟರ ನೋಟು?" ಅಂದರು. ಮಾರ್ಕ್ಸು ಅಂತ ಬಿಡಿಸಿ ಹೇಳಿದ ಮೇಲೆ, "ಒಂದೇ ಒಂದಾ?" ಅಂತ ದನಿ ಇಳಿಸಿದರು. ಇಲ್ಲಿನ ಶಾಲೆಗಳಲ್ಲಿ 1 ಬಂದರೆ ಎಲ್ಲಕ್ಕಿಂತ ಮೇಲು, 6 ಬಂದರೆ ಪೂರ್ತಿ ಫೇಲು. ಆ ಅಂಕಕ್ಕೆ ‘ನೋಟೆ’ ಅನ್ನುತ್ತಾರೆ.

ಅದರ ಬಹುವಚನ ‘ನೋಟೆನ್’. ಪಿಯಾನೋ ಟೀಚರ್ ನೋಟೆನ್ ತರಬೇಕು ಅಂದಿದ್ದರು. ನಾನು ಹೊಸ ನೋಟ್‌ಬುಕ್ ಕೊಟ್ಟು ಕಳಿಸಿದೆ. ಅವರು ಕೇಳಿದ್ದು ಸ್ವರ ಅಚ್ಚು ಹಾಕಿದ ಹಾಳೆ. ಮಗಳು ಅಳುಮುಖ ಮಾಡಿಕೊಂಡು ಬಂದಳು. ಅವತ್ತು ರಾತ್ರಿ ಇಬ್ಬರೂ ಕೂತು ಹುಡುಕಿದೆವು. ಮೂಲ ಲ್ಯಾಟಿನ್ನಿನ ‘ನೋಟಾ’, ಅಂದರೆ ಗುರುತು. ಸ್ವರಕ್ಕೂ ಗುರುತು, ಪರೀಕ್ಷೆಗೂ ಗುರುತು. ಫ್ರಾನ್ಸಿನಲ್ಲಿ ಹೋಟೆಲಿನ ಬಿಲ್ಲಿಗೂ ಇದೇ ಪದವಂತೆ! "ಮತ್ತೆ ನಮ್ಮ ನೋಟ?" ಅಂದಳು. ಅದು ‘ನೋಡು’ವಿನಿಂದ ಬಂದದ್ದು, ಇದಕ್ಕೂ ಅದಕ್ಕೂ ನೆಂಟಸ್ತಿಕೆ ಇಲ್ಲ ಅಂದೆ. ಪಾಪ, ಅವಳಿಗೆ ಬೇಜಾರಾಯಿತು.

ಮಕ್ಕಳು ಹೀಗೆ ಬೆರೆಸಿ ಮಾತಾಡಿದಾಗ ತಪ್ಪು ಅಂತ ಗದರಬೇಡಿ. ಯಾವ ಊರಲ್ಲಿ ಆ ಪದಕ್ಕೆ ಏನು ಅರ್ಥ ಅಂತ ಹೇಳಿ. ಅವರಿಗೆ ಅದು ಜಾಸ್ತಿ ಇಷ್ಟ.

ಈ ಪದ ನಮ್ಮ ಸಂಗೀತಕ್ಕೂ ಬಂದು ಸೇರಿದೆ ಅಂತ ಹೇಳಿದ್ದು ಅಮ್ಮನೇ. ಕರ್ನಾಟಕ ಸಂಗೀತದ ಕೃತಿಗಳನ್ನು ರಚಿಸಿದ ಮುತ್ತುಸ್ವಾಮಿ ದೀಕ್ಷಿತರು ಬ್ರಿಟಿಷರ ಕಾಲದ ಪಾಶ್ಚಾತ್ಯ ಧಾಟಿಗಳಿಗೆ ಸಂಸ್ಕೃತದಲ್ಲಿ ಸಾಹಿತ್ಯ ಬರೆದರು. ಅವನ್ನು ‘ನೊಟ್ಟುಸ್ವರ’ ಅನ್ನುತ್ತೇವೆ. ನೋಟ್ ಅಂದರೂ ಸ್ವರ, ಸ್ವರ ಅಂದರೂ ಸ್ವರ! ಎರಡು ಭಾಷೆ ಪಕ್ಕಪಕ್ಕ ಕೂತಿರುವ ಈ ಹೆಸರು ನನಗೆ ತುಂಬಾ ಇಷ್ಟ. ಅದರಲ್ಲಿ ‘ಶ್ಯಾಮಳೇ ಮೀನಾಕ್ಷಿ’ಯ ಧಾಟಿ ನಾವೆಲ್ಲ ಕಲಿತ ‘ಟ್ವಿಂಕಲ್ ಟ್ವಿಂಕಲ್’ದೇ. ಇಲ್ಲಿ ಮಕ್ಕಳು ಅದೇ ಧಾಟಿಯಲ್ಲಿ ಕ್ರಿಸ್ಮಸ್ ತಾತನ ಹಾಡು ಹಾಡುತ್ತಾರೆ.

ಕಳೆದ ಡಿಸೆಂಬರಿನಲ್ಲಿ ಮಗಳು ಆ ಹಾಡು ನುಡಿಸುತ್ತಿದ್ದಳು. ವಿಡಿಯೋ ಕಾಲಿನಲ್ಲಿದ್ದ ಅಮ್ಮ ಸುಮ್ನೆ ‘ಶ್ಯಾಮಳೇ’ ಅಂತ ಶುರು ಮಾಡಿದರು. ದನಿ ಅರ್ಧ ಕ್ಷಣ ತಡವಾಗಿ ಬರುತ್ತಿತ್ತು. ಮಗಳು ಕಾದು ಕಾದು ಕೀಲಿ ಒತ್ತಿದಳು. ಆಮೇಲೆ ಪೆನ್ಸಿಲ್ ತಗೊಂಡು ನೋಟೆನ್ ಹಾಳೆಯ ಗೆರೆಗಳ ಕೆಳಗೆ, ಯಾರೂ ಹೇಳದೆ, ಕನ್ನಡದಲ್ಲಿ ಬರೆದಳು: ಸ ಸ ಪ ಪ ದ ದ ಪ.